ಎಂಟು ಹುಡುಗಿಯರ ಸರ್ಕಾರ

ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಕಟ್ಟಿದವರು ಕ್ಯಾಪ್ಟನ್ ಟಿ.ಎಚ್. ಬೇಕರ್. ಆದರೆ ಹಾಸನದ ಹುಡುಗನೊಬ್ಬ ನಾನೂ ಸೇರುತ್ತೇನೆ ಅಂತ ಅಲ್ಲಿಗೆ ಹೋಗಿದ್ದರೆ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು. ಆಗ ಅದು ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. 1911ರಲ್ಲಿ ಜಬಲ್ಪುರದಲ್ಲಿ ಶುರುವಾದ, ಹುಡುಗಿಯರ ಮೊದಲ ಗೈಡ್ ಕಂಪನಿಯ ಕಥೆಯೂ ಅಷ್ಟೆ. ಸ್ಕೌಟ್ ಆದವನು ಎಲ್ಲರಿಗೂ ಸ್ನೇಹಿತ ಎಂಬ ನಿಯಮ ಪುಸ್ತಕದಲ್ಲಿತ್ತು, ಆ 'ಎಲ್ಲರ' ಪಟ್ಟಿಯಲ್ಲಿ ನಾವಿರಲಿಲ್ಲ.

ಬಾಗಿಲು ತೆಗೆಸಿದವರಲ್ಲಿ ಅನಿ ಬೆಸೆಂಟ್ ಹೆಸರು ದೊಡ್ಡದು. 1917ರಲ್ಲಿ ಜಾರ್ಜ್ ಅರುಂಡೇಲ್ ಜೊತೆ ಸೇರಿ ಮದ್ರಾಸಿನಲ್ಲಿ ಭಾರತೀಯ ಹುಡುಗರದ್ದೇ ಒಂದು ಸಂಸ್ಥೆ ಕಟ್ಟಿದರು. ಮರುವರ್ಷ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ದಳಗಳನ್ನು ಎಬ್ಬಿಸಿದರು. ಮೈಸೂರು ಸಂಸ್ಥಾನವೂ ಸುಮ್ಮನೆ ಕೂರಲಿಲ್ಲ. ಇಲ್ಲಿನ ಬಾಯ್ ಸ್ಕೌಟ್ಸ್‌ಗೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೇ ಚೀಫ್ ಸ್ಕೌಟ್ ಆದರು. ಹಾಸನ ಆ ಸಂಸ್ಥಾನದ ಜಿಲ್ಲೆ. ಯುವರಾಜರೇ ಮುಂದೆ ನಿಂತ ಮೇಲೆ ಯಾವ ಅಮಲ್ದಾರರು ಬೇಡ ಅಂತಾರೆ? ಸರ್ಕಾರದ ಸ್ಕೂಲುಗಳೇ ಇದನ್ನು ಕೈಗೆತ್ತಿಕೊಂಡವು. ಅದರಿಂದ ಅನುಕೂಲವೂ ಆಯಿತು, ಒಂದು ಗಂಟೂ ಬಿತ್ತು. ಇಂಗ್ಲೆಂಡಿನಲ್ಲಿ ದಳ ಅಂದರೆ ಚರ್ಚಿನದ್ದೋ ಊರಿನದ್ದೋ ಆಗಿರುತ್ತಿತ್ತು. ನಮ್ಮಲ್ಲಿ ಅದು ಸ್ಕೂಲಿನದ್ದಾಯಿತು. ಇನ್ನೂ ಬಿಡಿಸಿ ಹೇಳಬೇಕೆಂದರೆ ಒಬ್ಬ ಮೇಷ್ಟ್ರದ್ದಾಯಿತು. ಮೇಷ್ಟ್ರಿಗೆ ವರ್ಗವಾದರೆ ದಳವೂ ಗಂಟುಮೂಟೆ ಕಟ್ಟಿತು.

ಇದನ್ನು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಸರ್ಕಾರಿ ಪ್ರೌಢಶಾಲೆಯ ವಿಜ್ಞಾನದ ಟೀಚರಾಗಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಕೊನೆಗೆ ಹಾಸನ ಅಂತ ಸುತ್ತಿದವಳು ನಾನು. ಎಲ್ಲ ಕಡೆಯೂ ಗೈಡ್ ಕ್ಯಾಪ್ಟನ್. ನೀಲಿ ಸೀರೆ, ಕೊರಳಲ್ಲಿ ಸ್ಕಾರ್ಫು, ಸೀಟಿ. ಸ್ಟಾಫ್ ರೂಮಿನಲ್ಲಿ ಗಂಡಸರು ಮೊದಲು ನಗುತ್ತಿದ್ದರು. ಆಮೇಲೆ ಆಗಸ್ಟ್ ಹದಿನೈದರ ಪೆರೇಡಿಗೆ ಮಕ್ಕಳನ್ನು ನಿಲ್ಲಿಸಬೇಕಾದಾಗ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಕಾಗದದ ಮೇಲಿನ ವ್ಯವಸ್ಥೆ ಮೊದಲು ಹೇಳಿ ಮುಗಿಸುತ್ತೇನೆ. ಸ್ವಾತಂತ್ರ್ಯಕ್ಕೆ ಮುಂಚೆ ದೇಶದಲ್ಲಿ ಹಲವು ಸ್ಕೌಟ್ ಸಂಸ್ಥೆಗಳಿದ್ದವು. 1937ರಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ದೆಹಲಿಯ ಜಾಂಬೂರಿಗೆ ಬಂದು ಹೋದರು, ಭಾರತೀಯರ ನಡತೆಯ ಬಗ್ಗೆ ಹಗುರವಾಗಿ ಮಾತಾಡಿದರು ಅಂತ ಗಲಾಟೆಯಾಯಿತು, 1938ರಲ್ಲಿ ಹಿಂದೂಸ್ತಾನ್ ಸ್ಕೌಟ್ ಸಂಸ್ಥೆ ಬೇರೆಯಾಗಿ ನಿಂತಿತು. ಎಲ್ಲವೂ ಒಂದಾಗಿ 'ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್' ಆದದ್ದು 1950ರ ನವೆಂಬರ್ 7ರಂದು. ಗರ್ಲ್ ಗೈಡ್ಸ್ ಸೇರಿದ್ದು 1951ರ ಆಗಸ್ಟ್ 15ರಂದು. ನವೆಂಬರ್ 7ಕ್ಕೆ ಸ್ಕೂಲುಗಳಲ್ಲಿ ಮಕ್ಕಳಿಗೆ ಧ್ವಜದ ಚೀಟಿ ಮಾರುತ್ತಾರಲ್ಲ, ಅದು ಈ ದಿನಕ್ಕಾಗಿ. ದೆಹಲಿಯ ಕೆಳಗೆ ರಾಜ್ಯ ಸಂಸ್ಥೆ, ಅದರ ಕೆಳಗೆ ಜಿಲ್ಲಾ ಸಂಸ್ಥೆ, ತಾಲ್ಲೂಕಿನಲ್ಲಿ ಸ್ಥಳೀಯ ಸಂಸ್ಥೆ. ಜಿಲ್ಲೆಗೆ ಮುಖ್ಯ ಆಯುಕ್ತರು, ಸ್ಕೌಟಿಗೊಬ್ಬರು ಗೈಡಿಗೊಬ್ಬರು ಆಯುಕ್ತರು, ಕಾರ್ಯದರ್ಶಿ, ಖಜಾಂಚಿ, ಸಂಘಟನಾ ಆಯುಕ್ತರು. ಲೆಟರ್‌ಹೆಡ್ಡಿನ ಎಡಗಡೆ ಹೆಸರುಗಳೇ ಅರ್ಧ ಹಾಳೆ. ಇವರಲ್ಲಿ ಸಂಬಳ ತೆಗೆದುಕೊಳ್ಳುವವರು ಬಹಳ ಕಡಿಮೆ, ಕೈಯಿಂದ ಹಾಕಿದವರೇ ಹೆಚ್ಚು.

ಮಕ್ಕಳ ಕಡೆಯಿಂದ ನೋಡಿದರೆ ಚಿಕ್ಕ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಹತ್ತು ವರ್ಷ ದಾಟಿದ ಮೇಲೆ ಸ್ಕೌಟ್, ಗೈಡ್. ಕಾಲೇಜಿಗೆ ಹೋದರೆ ರೋವರ್, ರೇಂಜರ್. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ ಅಂತ ಹತ್ತುತ್ತಾ ಹೋದರೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ.

ಇಷ್ಟೆಲ್ಲ ಇದ್ದರೂ ದಳವನ್ನು ನಡೆಸುವುದು ಇದ್ಯಾವುದೂ ಅಲ್ಲ. ನಡೆಸುವುದು ಆರರಿಂದ ಎಂಟು ಮಕ್ಕಳ ಒಂದು ಗುಂಪು. ಪ್ಯಾಟ್ರೋಲ್ ಅಂತೀವಿ. ನಾಲ್ಕು ಪ್ಯಾಟ್ರೋಲು ಸೇರಿದರೆ ಒಂದು ಕಂಪನಿ ತುಂಬಿತು, ಮೂವತ್ತೆರಡು ಮಕ್ಕಳು. ಪ್ರತಿ ಪ್ಯಾಟ್ರೋಲಿಗೂ ಒಬ್ಬಳು ಲೀಡರು, ಅವಳ ಕೈಕೆಳಗೆ ಒಬ್ಬಳು ಸೆಕೆಂಡು, ಒಂದು ಪುಟ್ಟ ಬಾವುಟ, ಒಂದು ಹೆಸರು. ಸ್ಕೌಟ್ ಹುಡುಗರು ಹುಲಿ, ಸಿಂಹ, ಗರುಡ ಅಂತ ಇಟ್ಟುಕೊಳ್ಳುತ್ತಾರೆ. ನಮ್ಮ ಹುಡುಗಿಯರು ಮಲ್ಲಿಗೆ, ಕಮಲ, ಸೂರ್ಯಕಾಂತಿ. ಒಂದು ಸಲ ಹೊಳೆನರಸೀಪುರದಲ್ಲಿ ಕಳ್ಳಿಹೂವು ಅಂತ ಹೆಸರಿಟ್ಟುಕೊಂಡ ಪ್ಯಾಟ್ರೋಲೊಂದಿತ್ತು. ನಾನು ಬೇಡವೆನ್ನಲಿಲ್ಲ.

ಈ ಪದ್ಧತಿಯ ಬೇರು 1907ರ ಆಗಸ್ಟಿನಲ್ಲಿದೆ. ಅದಕ್ಕೂ ಮುಂಚೆ ದಕ್ಷಿಣ ಆಫ್ರಿಕದ ಮಾಫಿಕಿಂಗ್ ಊರನ್ನು ಬೋಯರರು 217 ದಿನ ಮುತ್ತಿದ್ದಾಗ ಬೇಡನ್ ಪೊವೆಲ್ ಅಲ್ಲಿನ ಹುಡುಗರು ಓಲೆ ಒಯ್ಯುವ ಕೆಲಸವನ್ನು ಹೊಣೆಯಿಂದ ಮಾಡಿದ್ದನ್ನು ಕಂಡಿದ್ದರು. ಆಮೇಲೆ ಬ್ರೌನ್‌ಸೀ ಎಂಬ ದ್ವೀಪದಲ್ಲಿ ಇಪ್ಪತ್ತು ಹುಡುಗರನ್ನು ಸೇರಿಸಿ ಶಿಬಿರ ಹೂಡಿದರು. ತೋಳ, ಗೂಳಿ, ಕಾಗೆ, ಕರ್ಲ್ಯೂ ಎಂಬ ನೀರಹಕ್ಕಿ ಹೀಗೆ ನಾಲ್ಕು ಪ್ಯಾಟ್ರೋಲು. ಭುಜದ ಮೇಲೆ ನೀಲಿ, ಹಸಿರು, ಕೆಂಪು, ಹಳದಿ ಪಟ್ಟಿ. ಈಟನ್, ಹ್ಯಾರೋ ಶಾಲೆಗಳ ಸಾಹುಕಾರರ ಮಕ್ಕಳನ್ನೂ ಬೋರ್ನ್‌ಮತ್, ಪೂಲ್ ಊರುಗಳ ಕೂಲಿಕಾರರ ಮಕ್ಕಳನ್ನೂ ಬೇಕೆಂದೇ ಬೆರೆಸಿದ್ದರು. ಪ್ಯಾಟ್ರೋಲಿನ ಹೊಣೆ ಹಿರಿಯ ಹುಡುಗನಿಗೆ. ದೊಡ್ಡವರು ದೂರ. 1914ರಲ್ಲಿ ರೋಲಂಡ್ ಫಿಲಿಪ್ಸ್ ಎಂಬ ತರುಣ ಇದನ್ನೇ ವಿವರಿಸಿ ಪುಸ್ತಕ ಬರೆದ. ಎರಡೇ ವರ್ಷಕ್ಕೆ ಸೊಮ್ ಯುದ್ಧದಲ್ಲಿ ಸತ್ತ. ದೊಡ್ಡಬಳ್ಳಾಪುರದ ಡಾ. ಅನಿ ಬೆಸೆಂಟ್ ಪಾರ್ಕಿನಲ್ಲಿ ನಾನು ಕ್ಯಾಪ್ಟನ್ ತರಬೇತಿಯ ಬೇಸಿಕ್ ಕೋರ್ಸ್ ಮಾಡಿದಾಗ ನಮ್ಮನ್ನೂ, ಮಕ್ಕಳು ಮರಿ ಇದ್ದ ಟೀಚರುಗಳನ್ನು, ಪ್ಯಾಟ್ರೋಲುಗಳಾಗಿ ಒಡೆದು ಕಟ್ಟಿಗೆ ಆರಿಸಲು ಕಳಿಸಿದ್ದರು. ನಮ್ಮ ಲೀಡರು ನನಗಿಂತ ಚಿಕ್ಕವಳು. ಅವಳ ಮಾತು ಕೇಳುವುದೇ ಆ ಕೋರ್ಸಿನ ಅರ್ಧ ಪಾಠ.

ಬ್ರೌನ್‌ಸೀಯಲ್ಲಿ ವರ್ಗ ಬೆರೆತದ್ದು ನಮ್ಮಲ್ಲಿ ಜಾತಿ ಬೆರೆಯುವುದಾಯಿತು, ಅದೂ ಒಲೆಯ ಮುಂದೆ. ತೊಂಬತ್ತರ ದಶಕದ ಶುರುವಿನಲ್ಲಿ ಅರಕಲಗೂಡಿನಿಂದ ರಾಮನಾಥಪುರಕ್ಕೆ ಎರಡು ರಾತ್ರಿಯ ಶಿಬಿರಕ್ಕೆ ಹೋಗಿದ್ದೆವು. ಕಾವೇರಿ ದಂಡೆ, ಕಡಲೆಹೊಟ್ಟಿನಂಥ ಮರಳು, ಪಕ್ಕದಲ್ಲಿ ರಾಮೇಶ್ವರನ ಗುಡಿ. ಪ್ರತಿ ಪ್ಯಾಟ್ರೋಲಿಗೂ ಅದರದ್ದೇ ಒಲೆ, ಅದರದ್ದೇ ಪಾತ್ರೆ. ಯಾರು ನೀರು, ಯಾರು ಕಟ್ಟಿಗೆ, ಯಾರು ಅಡಿಗೆ ಅನ್ನುವುದನ್ನು ಲೀಡರು ಬರೆದು ಮರಕ್ಕೆ ಸಿಗಿಸಬೇಕು. ನಮ್ಮ ಕಡೆ ಆಲೂಗಡ್ಡೆಗೆ ಬರವಿಲ್ಲ, ಆದ್ದರಿಂದ ಮೂರು ಹೊತ್ತೂ ಆಲೂಗಡ್ಡೆ ಸಾರೇ. ಎರಡನೆಯ ದಿನ ಮಧ್ಯಾಹ್ನ ಒಬ್ಬ ಹುಡುಗಿಯ ತಾಯಿ ಬಸ್ಸಿಳಿದು ಟಿಫನ್ ಕ್ಯಾರಿಯರ್ ಹಿಡಿದು ಬಂದರು.

"ನಮ್ಮ ಹುಡುಗಿಗೆ ಹೊರಗಿನ ಅಡಿಗೆ ಒಗ್ಗಲ್ಲ ಮಿಸ್ಸೇ, ಅದಕ್ಕೆ ತಂದೆ."

ಯಾವುದು ಒಗ್ಗುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಸೌಟು ಹಿಡಿದು ನಿಂತಿದ್ದ ಪ್ಯಾಟ್ರೋಲ್ ಲೀಡರು, ಒಂಬತ್ತನೇ ಕ್ಲಾಸಿನವಳು, ಅಂದಳು:

"ಅಮ್ಮಾ, ಇವತ್ತು ಅಡಿಗೆ ಸರದಿ ಇವಳದ್ದೇ. ಇವಳು ಮಾಡಿದ್ದು ಇವಳಿಗೇ ಒಗ್ಗಲ್ವಾ?"

ತಾಯಿ ಸ್ವಲ್ಪ ಹೊತ್ತು ನಿಂತರು. ಮಗಳು ಹೊಗೆಯಲ್ಲಿ ಕಣ್ಣೊರೆಸಿಕೊಂಡು ಉಪ್ಪು ಹಾಕುತ್ತಿದ್ದಳು. ಕ್ಯಾರಿಯರ್‌ನಲ್ಲಿದ್ದ ಚಿತ್ರಾನ್ನ ಎಂಟು ತಟ್ಟೆಗೂ ಹಂಚಿಹೋಯಿತು, ತಾಯಿಗೂ ಒಂದು ತಟ್ಟೆ ಸಾರು ಅನ್ನ ಬಂತು. ಅವರು ಉಂಡರು ಅಂತ ಹೇಳಿದರೆ ಕಥೆ ಚೆಂದವಾಗುತ್ತಿತ್ತು. ಉಣ್ಣಲಿಲ್ಲ, ಏಕಾದಶಿ ಅಂದರು. ಆದರೆ ಮಗಳನ್ನು ಕರೆದುಕೊಂಡು ಹೋಗಲಿಲ್ಲ, ಮುಂದಿನ ವರ್ಷದ ಶಿಬಿರಕ್ಕೂ ಸಹಿ ಹಾಕಿ ಕಳಿಸಿದರು. ಕ್ಯಾಪ್ಟನ್ ಆದವಳು ಆ ಹೊತ್ತಿನಲ್ಲಿ ಉಪದೇಶ ಮಾಡಿದ್ದರೆ ಆಕೆ ಮಗಳ ಕೈ ಹಿಡಿದು ನಡೆದೇಬಿಡುತ್ತಿದ್ದರು.

ನಾಯಕತ್ವದ ಇನ್ನೊಂದು ಕೊಂಡಿ 'ಕೋರ್ಟ್ ಆಫ್ ಆನರ್'. ಹೆಸರು ಕೇಳಿ ಪೋಷಕರು ಹೆದರುತ್ತಾರೆ. ಪ್ಯಾಟ್ರೋಲ್ ಲೀಡರುಗಳು ಕೂತು ಕಾರ್ಯಕ್ರಮ, ಶಿಸ್ತು, ದುಡ್ಡು ತೀರ್ಮಾನಿಸುವ ಸಭೆ ಅದು. ಕ್ಯಾಪ್ಟನ್ ಇರಬಹುದು, ಸಲಹೆ ಕೊಡಬಹುದು, ನಡೆಸುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಬಹಳಷ್ಟು ದಳಗಳಲ್ಲಿ ಇದು ವರದಿ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ ಅಂದರೆ ಸಂಸ್ಥೆಯವರು ಬೇಜಾರು ಮಾಡಿಕೊಳ್ಳಬಾರದು. ಹೊಳೆನರಸೀಪುರದಲ್ಲಿ ನಾನು ಗೊರೂರು ಅಣೆಕಟ್ಟಿಗೆ ಹೈಕ್ ಹೋಗೋಣ ಅಂದೆ. ಸಭೆ ಬೇಡ ಎಂದು ಬರೆಯಿತು. ಕಾರಣವನ್ನೂ ಬರೆದಿದ್ದರು: ವಾಪಸು ಬರುವಾಗ ಸಂಜೆಯಾಗುತ್ತದೆ, ಹಳ್ಳಿಗಳ ಕಡೆಯ ಕೊನೆ ಬಸ್ಸು ತಪ್ಪುತ್ತದೆ, ಆ ಹುಡುಗಿಯರ ಮನೆಯವರು ಮುಂದೆ ಯಾವುದಕ್ಕೂ ಕಳಿಸುವುದಿಲ್ಲ. ಬದಲಿಗೆ ಭಾನುವಾರ ಬೆಳಿಗ್ಗೆ ಹೇಮಾವತಿ ದಂಡೆಯ ಗುಂಟ ನಡೆದು ಹನ್ನೊಂದಕ್ಕೆ ಮುಗಿಸುವುದು. ಬಸ್ಸಿನ ವೇಳಾಪಟ್ಟಿ ಪೂರ್ತಿ ಬಾಯಿಪಾಠವಿದ್ದವರು ಅವರು, ನಾನು ಸ್ಕೂಲಿನ ಹಿಂದಿನ ಬೀದಿಯಲ್ಲಿ ಮನೆ ಮಾಡಿಕೊಂಡಿದ್ದವಳು.

ಚನ್ನರಾಯಪಟ್ಟಣದ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಳ ಚೆನ್ನಾಗಿತ್ತು, ಊರಿನವರು ಕೈಬಿಡಲಿಲ್ಲ. ಖರಿ ಕಮಾಯಿ ಅಂತ ಮಕ್ಕಳೇ ದುಡಿದು ದಳಕ್ಕೆ ಹಣ ಕೂಡಿಸುವ ಪದ್ಧತಿಯಿದೆಯಲ್ಲ, ಅದಕ್ಕೆ ತೆಂಗಿನ ತೋಟದವರು ಗರಿ ಕೊಡುತ್ತಿದ್ದರು. ಹುಡುಗಿಯರು ಕಡ್ಡಿ ತೆಗೆದು ಪೊರಕೆ ಕಟ್ಟಿ ಸಂತೆಯಲ್ಲಿ ಮಾರುತ್ತಿದ್ದರು. ಪೊರಕೆಗೆ ಹಾಕಿದ ಗಂಟು ಕ್ಲೋವ್ ಹಿಚ್, ಅದೇ ಪರೀಕ್ಷೆ.

ಹಾಸನಕ್ಕೆ ಬಂದ ಮೇಲೆ ದೊಡ್ಡ ಕೆಲಸ ಹಾಸನಾಂಬೆ ಗುಡಿಯದು. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆರೆದರೆ ದೀಪಾವಳಿ ಕಳೆಯುವವರೆಗೆ ಊರೇ ಒಂದು ಸಾಲು. ಸ್ಕೌಟ್, ಗೈಡ್ ಮಕ್ಕಳು ನೀರು ಕೊಡುತ್ತಾರೆ, ವಯಸ್ಸಾದವರನ್ನು ಕೈಹಿಡಿದು ಕರೆದೊಯ್ಯುತ್ತಾರೆ, ತಪ್ಪಿಸಿಕೊಂಡ ಮಗುವನ್ನು ಪೊಲೀಸರ ಬಳಿ ಕೂರಿಸುತ್ತಾರೆ. ಪ್ಯಾಟ್ರೋಲಿನ ಬೆಲೆ ತಿಳಿಯುವುದು ಇಲ್ಲಿ. ಮೂವತ್ತು ಮಕ್ಕಳನ್ನು ಒಬ್ಬ ಟೀಚರ್ ಆ ಜನಜಂಗುಳಿಯಲ್ಲಿ ನೋಡಿಕೊಳ್ಳಲಾರಳು. ಏಳು ಜನರನ್ನು ಒಬ್ಬ ಹುಡುಗಿ ಎಣಿಸಿಕೊಳ್ಳಬಲ್ಲಳು. ಗಂಟೆಗೊಮ್ಮೆ ಲೀಡರು ಬಂದು "ನಮ್ಮವರು ಪೂರ್ತಿ ಇದ್ದಾರೆ ಮಿಸ್" ಅನ್ನಬೇಕು. ಅಷ್ಟು ಕೇಳಿದರೆ ನನ್ನ ಕೆಲಸ ಮುಗಿಯಿತು.

ಇತ್ತೀಚೆಗೆ ದಳಕ್ಕೆ ಸೇರಿಸಲು ಬರುವ ಪೋಷಕರ ಮೊದಲ ಪ್ರಶ್ನೆ ಸರ್ಟಿಫಿಕೇಟಿನದು. ಸಿಇಟಿಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇದೆಯಲ್ಲ! ನನ್ನ ಜೊತೆಯ ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಸೀಟಿನ ಆಸೆಗೆ ಬಂದ ಹುಡುಗಿಯೂ ರಾಜ್ಯ ಪುರಸ್ಕಾರದ ಹೊತ್ತಿಗೆ ಎರಡು ಶಿಬಿರದಲ್ಲಿ ಪಾತ್ರೆ ತಿಕ್ಕಿರುತ್ತಾಳೆ. ನನಗೆ ಸಿಟ್ಟು ಬರುವುದು ದಳವನ್ನೇ ಕಟ್ಟದೆ, ಸರ್ಟಿಫಿಕೇಟಿಗಾಗಿ ನಾಲ್ಕಾರು ಹೆಸರುಗಳನ್ನು ಮಾತ್ರ ನೋಂದಾಯಿಸುವ ಸ್ಕೂಲುಗಳ ಮೇಲೆ.

ಇನ್ನು ವರ್ಗಾವಣೆಯ ವಿಷಯ. ನಾನು ಬಿಟ್ಟುಬಂದ ಒಂದು ಊರಿನಲ್ಲಿ ದಳ ಮೂರೇ ತಿಂಗಳಿಗೆ ಸತ್ತಿತು. ಬಾವುಟ, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಲಾಗ್ ಪುಸ್ತಕ ಎಲ್ಲ ಬೀರುವಿನಲ್ಲಿ, ಬೀರುವಿನ ಬೀಗ ಆಫೀಸಿನಲ್ಲಿ. ಕೇಳುವವರಿರಲಿಲ್ಲ, ಏಕೆಂದರೆ ಲೀಡರುಗಳೆಲ್ಲ ಎಸ್ಸೆಸ್ಸೆಲ್ಸಿಯವರು, ನನ್ನ ಜೊತೆಗೇ ಸ್ಕೂಲು ಬಿಟ್ಟಿದ್ದರು. ಅಲ್ಲಿಂದ ಮುಂದೆ ಲೀಡರು ಒಂಬತ್ತನೇ ಕ್ಲಾಸಿನವಳು, ಸೆಕೆಂಡು ಎಂಟರವಳು ಅಂತಲೇ ಇಟ್ಟುಕೊಂಡೆ. ಹತ್ತಕ್ಕೆ ಬಂದವಳು ಬಾವುಟ ಒಪ್ಪಿಸಿ ಓದಿಗೆ ಕೂರಬೇಕು. ಹೀಗೆ ಕಟ್ಟಿದ ಪ್ಯಾಟ್ರೋಲು ಪ್ರತಿ ಜೂನಿನಲ್ಲೂ ತಾನೇ ತನ್ನ ಲೀಡರನ್ನು ಹಡೆಯುತ್ತದೆ, ಟೀಚರಿಗಾಗಿ ಕಾಯುವುದಿಲ್ಲ.

ನಾನು ನಿವೃತ್ತಳಾದ ಮೇಲೆ ಹಾಸನದ ಆ ಸ್ಕೂಲಿಗೆ ಬಂದ ಟೀಚರಿಗೆ ಗೈಡಿಂಗ್ ಅಂದರೆ ಏನೂ ಗೊತ್ತಿರಲಿಲ್ಲ. ಬುಧವಾರ ಸಂಜೆ ನಾಲ್ಕು ಪ್ಯಾಟ್ರೋಲೂ ಎಂದಿನಂತೆ ಬಂದು ನಿಂತವು, ಆಕೆ "ನಿಲ್ಲಿ ಅಂತ ಯಾರು ಹೇಳಿದ್ದು?" ಎಂದು ಕೇಳಿದರಂತೆ. ಲೀಡರುಗಳು ಸಭೆ ಸೇರಿ, ನಿರ್ಣಯ ಬರೆದು, ಮುಖ್ಯೋಪಾಧ್ಯಾಯರ ಮುಂದೆ ಹೋಗಿ ನಿಂತರು: "ಸಾರ್, ಹೊಸ ಮಿಸ್ಸನ್ನು ಬೇಸಿಕ್ ಕೋರ್ಸಿಗೆ ಕಳಿಸಿ." ದಸರಾ ರಜಕ್ಕೆ ದೊಡ್ಡಬಳ್ಳಾಪುರಕ್ಕೆ ಹೋಗುವವರ ಪಟ್ಟಿಯಲ್ಲಿ ಆಕೆಯ ಹೆಸರು ಸೇರಿತು. ಹೊರಡುವ ಮುಂಚೆ ಆಕೆಗೆ ಕ್ಲೋವ್ ಹಿಚ್ ಹಾಕಲು ಕಲಿಸಿದವಳು ಎಂಟನೇ ಕ್ಲಾಸಿನ ಒಬ್ಬ ಸೆಕೆಂಡು.