ಇಲಿ ಹೇಳಿಕೊಟ್ಟ ಪಾಠ

ಪುತ್ತೂರು, ಸುಳ್ಯ, ಕಡಬದ ಕಡೆ ನನ್ನ ಬಾಲ್ಯದಲ್ಲಿ ಯಾರದಾದರೂ ತಲೆಯಲ್ಲಿ ನಾಣ್ಯದಗಲ ಕೂದಲುದುರಿದರೆ ‘ಹುಳ ತಿಂದಿದೆ’ ಎನ್ನುತ್ತಿದ್ದರು. ನನಗೂ ಹಾಗಾದಾಗ ಅಜ್ಜಿ ಗುಲಗಂಜಿ ಅರೆದು ಹಚ್ಚಿದರು. ಸಹಪಾಠಿಗಳು ಅಂಟೀತೆಂದು ದೂರ ಸರಿದರು. ಆಯುರ್ವೇದ ಇದನ್ನು ಇಂದ್ರಲುಪ್ತವೆಂದಿತು. ಗ್ರೀಕರು ರೋಮ ಉದುರಿದ ನರಿಯ ಹೆಸರನ್ನು ಇದಕ್ಕಿಟ್ಟರು.

ಕಾರಣವನ್ನು ತೋರಿಸಿಕೊಡಲು ಇಲಿ ಬೇಕಾಯಿತು. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಸಂಡ್‌ಬರ್ಗ್ ಮತ್ತು ಸಂಗಡಿಗರು, ಒಂದು ತಳಿಯ ವಯಸ್ಸಾದ ಇಲಿಗಳಲ್ಲಿ ತಾವಾಗಿಯೇ ಮೂಡುವ ಇಂಥದೇ ಬೋಳುಮಚ್ಚೆಗಳನ್ನು 1994ರಲ್ಲಿ ವರ್ಣಿಸಿದರು. 1998ರಲ್ಲಿ ಅಂಥ ಇಲಿಯ ಚರ್ಮವನ್ನು ಅದೇ ತಳಿಯ ಆರೋಗ್ಯವಂತ ಇಲಿಗೆ ಕಸಿಮಾಡಿದಾಗ ಅದರ ಕೂದಲೂ ಉದುರಿತು. ಹುಳವೆಲ್ಲಿಯೂ ಇರಲಿಲ್ಲ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಕೂದಲ ಬೇರಿನ ಮೇಲೆ ಬಿದ್ದಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. 2014ರಲ್ಲಿ ಆ ಕಣಗಳನ್ನು ಕೆರಳಿಸುವ ಸಂಜ್ಞೆಯನ್ನು ತಡೆದಾಗ ಇಲಿಗಳಿಗೆ ಕೂದಲು ಮರಳಿತು. ಅದೇ ಬಗೆಯ ಬ್ಯಾರಿಸಿಟಿನಿಬ್ ಔಷಧಿಗೆ 2022ರಲ್ಲಿ ಅಮೆರಿಕ ಒಪ್ಪಿಗೆಯಿತ್ತಿತು.

ಇಲಿ ಮನುಷ್ಯನಲ್ಲ, ಮದ್ದು ಎಲ್ಲರಿಗೂ ಫಲಿಸದು. ಆದರೆ ಇದು ಅಂಟುವ ರೋಗವಲ್ಲವೆಂದು ಅಂದು ಯಾರಾದರೂ ಹೇಳಿದ್ದರೆ, ಆ ಬೆಂಚಿನಲ್ಲಿ ನಾನೊಬ್ಬನೇ ಕೂರಬೇಕಾಗಿರಲಿಲ್ಲ.