ಕೂಡಿ ಕೊಳ್ಳುವ ಇ-ಪುಸ್ತಕ: ಜರ್ನಲ್ಲಿನ ಹಿಂದೆ ಉಳಿದ ಕಥೆ

ತಮಿಳುನಾಡಿನ ಸೇಲಂ ಜಿಲ್ಲೆಯ ಮೇಚೇರಿ, ಮೆಟ್ಟೂರು ಸುತ್ತಿನ ಕಲಾ ಮತ್ತು ವಿಜ್ಞಾನ ಕಾಲೇಜುಗಳು 1997ರಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಧರ್ಮಪುರಿ, ಕೃಷ್ಣಗಿರಿಯವೂ ಅಷ್ಟೆ. ಇಂಥ ಒಂದು ಕಾಲೇಜು ಯಾವುದಾದರೂ ದೊಡ್ಡ ಪ್ರಕಾಶನದ ಇ-ಪುಸ್ತಕ ಸಂಗ್ರಹವನ್ನು ತಾನೊಂದೇ ಕೊಳ್ಳಲು ಹೊರಟರೆ ವರ್ಷದ ಪುಸ್ತಕದ ದುಡ್ಡೆಲ್ಲ ಅಲ್ಲೇ ಕರಗಿಹೋದೀತು. ಅದೇ ಕಾಲೇಜು, ಕಾಲೇಜುಗಳಿಗೆ ಜರ್ನಲ್ ಮತ್ತು ಇ-ಪುಸ್ತಕ ಒದಗಿಸುವ ರಾಷ್ಟ್ರೀಯ ಒಕ್ಕೂಟವಾದ ಎನ್-ಲಿಸ್ಟ್ ಯೋಜನೆಗೆ ಸೇರಿದಾಗ ಕಟ್ಟಬೇಕಾಗಿದ್ದ ವಾರ್ಷಿಕ ಶುಲ್ಕ 5,000 ರೂಪಾಯಿ, ಮೇಲೆ ಜಿಎಸ್‌ಟಿ. ಪ್ರತಿಯಾಗಿ ಸಿಗುತ್ತಿದ್ದದ್ದು 6,000ಕ್ಕೂ ಹೆಚ್ಚು ಜರ್ನಲ್, 1,99,500ಕ್ಕೂ ಹೆಚ್ಚು ಇ-ಪುಸ್ತಕ. ಗ್ರಂಥಾಲಯಗಳು ಒಕ್ಕೂಟ ಕಟ್ಟಿಕೊಂಡು ಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ವಾದ ಬೇಕಿಲ್ಲ. ಆದರೆ ಕೊಂಡದ್ದು ಯಾರ ಕೈಯಲ್ಲಿ ಉಳಿಯುತ್ತದೆ, ಅದರಲ್ಲಿ ಕನ್ನಡದ ಪಾಲೆಷ್ಟು ಎಂಬ ಪ್ರಶ್ನೆಗಳಿಗೆ ನಮ್ಮಲ್ಲಿ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ.

ಕೂಡಿ ಬಾಳುವ ಪಾಠವನ್ನು ನಮ್ಮ ದೇಶದಲ್ಲಿ ಮೊದಮೊದಲು ಕಲಿತವರಲ್ಲಿ ಖಗೋಳ ವಿಜ್ಞಾನದ ಗ್ರಂಥಪಾಲಕರೂ ಸೇರಿದ್ದಾರೆ. 1981ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫೋರ್ಸಾ ಎಂಬ ವೇದಿಕೆಯಲ್ಲಿ ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ ಮೊದಲಾದವು ಕೈಜೋಡಿಸಿದವು. ಆಗಿನ ಕೆಲಸ ಸರಳವಾಗಿತ್ತು: ಯಾರ ಕಪಾಟಿನಲ್ಲಿ ಯಾವ ಸಂಚಿಕೆ ಇದೆಯೆಂದು ಪಟ್ಟಿ ಮಾಡುವುದು, ಕೇಳಿದವರಿಗೆ ಜೆರಾಕ್ಸ್ ಕಳಿಸುವುದು. ಜರ್ನಲ್ಲುಗಳು ಕಂಪ್ಯೂಟರಿಗೆ ಬಂದ ಮೇಲೆ ಹಂಚಿಕೊಳ್ಳುವವರೇ ಒಟ್ಟಿಗೆ ಚೌಕಾಸಿ ಮಾಡುವವರೂ ಆದರು.

2003 ಈ ಕ್ಷೇತ್ರಕ್ಕೆ ತಿರುವಿನ ವರ್ಷ. ಐಐಟಿಗಳಂಥ ತಾಂತ್ರಿಕ ಸಂಸ್ಥೆಗಳಿಗಾಗಿ ದೆಹಲಿ ಐಐಟಿಯಲ್ಲಿ ಇಂಡೆಸ್ಟ್ ಒಕ್ಕೂಟ ಆರಂಭವಾಯಿತು. ವರ್ಷದ ಕೊನೆಗೆ ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ ವಿಶ್ವವಿದ್ಯಾಲಯಗಳ ಯುಜಿಸಿ-ಇನ್ಫೋನೆಟ್ ಒಕ್ಕೂಟಕ್ಕೆ ಚಾಲನೆ ಕೊಟ್ಟರು. ಅದನ್ನು ನಡೆಸುವ ಹೊಣೆ ಯುಜಿಸಿಯದೇ ಆದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದಾಯಿತು. ಕರ್ನಾಟಕವೂ ಹಿಂದೆ ಬೀಳಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅದೇ ವರ್ಷ ಹೆಲಿನೆಟ್ ಶುರುಮಾಡಿ ರಾಜ್ಯದ ವೈದ್ಯಕೀಯ ಕಾಲೇಜುಗಳನ್ನು ಒಂದೇ ಚಂದಾದ ಅಡಿ ತಂದಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ತನ್ನ ಎಂಜಿನಿಯರಿಂಗ್ ಕಾಲೇಜುಗಳಿಗಾಗಿ ಇದೇ ದಾರಿ ಹಿಡಿದು, ಜರ್ನಲ್ಲಿನ ಜೊತೆಗೆ ಇ-ಪುಸ್ತಕಗಳನ್ನೂ ಕೊಂಡಿತು. ಸಾವಿರಾರು ಕಾಲೇಜುಗಳಿಗೆ ಬಾಗಿಲು ತೆರೆದದ್ದು ಮಾತ್ರ 2010ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಎನ್-ಲಿಸ್ಟ್. 2015ರ ಡಿಸೆಂಬರಿನಲ್ಲಿ ಇಂಡೆಸ್ಟ್, ಯುಜಿಸಿ-ಇನ್ಫೋನೆಟ್, ಎನ್-ಲಿಸ್ಟ್ ಮೂರೂ ಇ-ಶೋಧಸಿಂಧು ಎಂಬ ಒಂದೇ ಒಕ್ಕೂಟದಲ್ಲಿ ಸೇರಿಕೊಂಡವು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300 ಸಂಸ್ಥೆ. ಸರ್ಕಾರಿ ಸಂಸ್ಥೆಗಳಿಗೆ ಇದು ದೊಡ್ಡ ವರ. ಆದರೆ ಗಮನಿಸಿ, ಇದೂ ಜರ್ನಲ್ಲುಗಳ ಯೋಜನೆಯೇ.

ಪುಸ್ತಕ ಯಾಕೆ ಹಿಂದೆ ಬಿತ್ತು? ಜರ್ನಲ್ಲಿನ ಗಿರಾಕಿ ಗ್ರಂಥಾಲಯವೇ. ಎಲ್ಲ ಗ್ರಂಥಾಲಯಗಳೂ ಒಂದಾದರೆ ಪ್ರಕಾಶಕ ಮಾತುಕತೆಗೆ ಬರಲೇಬೇಕು. ಪಠ್ಯಪುಸ್ತಕ ಹಾಗಲ್ಲ. ಅದನ್ನು ಒಬ್ಬೊಬ್ಬ ವಿದ್ಯಾರ್ಥಿಗೂ ಮಾರಬಹುದು. ಹಾಗಾಗಿ ತರಗತಿಯಲ್ಲಿ ಮೇಷ್ಟ್ರು ಹೇಳಿದ ಪುಸ್ತಕವನ್ನು ಬಿಟ್ಟು ಉಳಿದದ್ದನ್ನು ಮೂಟೆಕಟ್ಟಿ ಒಕ್ಕೂಟಕ್ಕೆ ಕೊಡುವುದು ಪ್ರಕಾಶಕರ ರೂಢಿ. ಎರಡು ಲಕ್ಷ ಶೀರ್ಷಿಕೆಗಳ ಪಟ್ಟಿಯಲ್ಲಿ ಬಿ.ಕಾಂ. ಎರಡನೇ ವರ್ಷದ ಹುಡುಗಿ ಹುಡುಕುವ ಕಾಸ್ಟ್ ಅಕೌಂಟಿಂಗ್ ಪುಸ್ತಕ ಇಲ್ಲದಿದ್ದರೆ ಆ ಸಂಖ್ಯೆಯಿಂದ ಅವಳಿಗೇನು ಲಾಭ? ಎನ್-ಲಿಸ್ಟ್‌ನಲ್ಲಿ ಕಾಲೇಜಿನ ಗ್ರಂಥಪಾಲಕರು ಪ್ರತಿಯೊಬ್ಬರಿಗೂ ಲಾಗಿನ್ ಮಾಡಿಸಿಕೊಡಬೇಕಿತ್ತು. ಇಮೇಲಿನಲ್ಲಿ ಪಾಸ್‌ವರ್ಡ್ ಬಂದ ಮೇಲೆ ಮೊಬೈಲಿನಲ್ಲೇ ತೆರೆದು ಅಧ್ಯಾಯ ಇಳಿಸಿಕೊಳ್ಳಬಹುದಿತ್ತು. ಮೊದಲ ಸಲ ಹುಡುಕಿದಾಗ ಬೇಕಾದ ಪುಸ್ತಕ ಸಿಗದೆ ಹೋದ ವಿದ್ಯಾರ್ಥಿ ಎರಡನೇ ಸಲ ಆ ಕಡೆ ತಲೆಹಾಕುವುದಿಲ್ಲ. ಕೊನೆಗೆ ಬಳಕೆಯ ವರದಿಯಲ್ಲಿ ಸೊನ್ನೆ ಕಾಣಿಸಿದರೆ ದೂರು ಬರುವುದು ಗ್ರಂಥಪಾಲಕರ ಮೇಲೆ. ಇದು ಅನ್ಯಾಯ.

ಹೊರದೇಶದ ಅನುಭವವೂ ಎಚ್ಚರ ಹೇಳುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ನೆಟ್‌ಲೈಬ್ರರಿ ಇ-ಪುಸ್ತಕವನ್ನು ಅಚ್ಚಿನ ಪ್ರತಿಯಂತೆಯೇ ಮಾರಿತು: ಒಂದು ಪ್ರತಿ, ಒಮ್ಮೆಗೆ ಒಬ್ಬ ಓದುಗ. ಎರಡನೆಯವರು ಕಾಯಬೇಕು. ಅಮೆರಿಕದ ವಾಯವ್ಯ ಭಾಗದ ಆರ್ಬಿಸ್ ಕ್ಯಾಸ್ಕೇಡ್ ಒಕ್ಕೂಟ 2011ರಲ್ಲಿ ಬೇರೆ ಪ್ರಯೋಗ ಮಾಡಿತು. ಸಾವಿರಾರು ಪುಸ್ತಕಗಳನ್ನು ಎಲ್ಲ ಸದಸ್ಯರ ಸೂಚಿಯಲ್ಲೂ ತೋರಿಸುವುದು, ಓದುಗರು ತೆರೆದಾಗ ಸಣ್ಣ ಬಾಡಿಗೆ ಕಟ್ಟುವುದು, ಬೇಡಿಕೆ ಒಂದು ಮಟ್ಟ ದಾಟಿದ ಪುಸ್ತಕವನ್ನು ಮಾತ್ರ ಎಲ್ಲರ ಪರವಾಗಿ ಕೊಳ್ಳುವುದು. ಜಾಣ ಉಪಾಯ. ಯಾರೂ ಮುಟ್ಟದ ಪುಸ್ತಕಕ್ಕೆ ದುಡ್ಡು ಸುರಿಯುವುದು ತಪ್ಪಿತು. ಆದರೆ 2014ರ ಹೊತ್ತಿಗೆ ಹಲವು ಪ್ರಕಾಶಕರು ಆ ಬಾಡಿಗೆಯನ್ನೇ ಏರಿಸಿಬಿಟ್ಟರು. 2025ರ ಫೆಬ್ರುವರಿಯಲ್ಲಿ ಗ್ರಂಥಾಲಯಗಳಿಗೆ ಇ-ಪುಸ್ತಕ ಮಾರುವ ಕ್ಲಾರಿವೇಟ್ ಕಂಪನಿ ಒಮ್ಮೆ ಕೊಂಡು ಖಾಯಂ ಇಟ್ಟುಕೊಳ್ಳುವ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತು. ಗ್ರಂಥಪಾಲಕರು ತಿರುಗಿಬಿದ್ದ ಮೇಲೆ ಗಡುವನ್ನು 2026ರ ಜೂನ್‌ವರೆಗೆ ಮುಂದೂಡಿತು. ಬಾಡಿಗೆ ಮನೆಯವರಿಗೆ ಇರುವ ಅಭದ್ರತೆ ಈಗ ಗ್ರಂಥಾಲಯಗಳಿಗೂ ಬಂದಿದೆ: ಚಂದಾ ನಿಂತ ದಿನ ಕಪಾಟು ಖಾಲಿ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಪ್ರಕಾಶಕಿ ಫ್ರಾನ್ಸಿಸ್ ಪಿಂಟರ್ 2012ರಲ್ಲಿ ಸ್ಥಾಪಿಸಿದ ಸಂಸ್ಥೆ, ನಾಲೆಜ್ ಅನ್‌ಲ್ಯಾಚ್ಡ್. ಸುಮಾರು 300 ಗ್ರಂಥಾಲಯಗಳು ಸೇರಿ 28 ವಿದ್ವತ್ ಗ್ರಂಥಗಳ ಮೊದಲ ಖರ್ಚನ್ನು ಹಂಚಿಕೊಂಡವು. ಒಂದೊಂದು ಪುಸ್ತಕಕ್ಕೆ ಒಂದು ಗ್ರಂಥಾಲಯದ ಪಾಲಿಗೆ ಬಂದದ್ದು 43 ಡಾಲರಿಗಿಂತ ಕಡಿಮೆ. 2014ರಲ್ಲಿ ಅವು ಲೋಕದ ಎಲ್ಲ ಓದುಗರಿಗೂ ಉಚಿತವಾಗಿ ತೆರೆದುಕೊಂಡವು. ಕೊಂಡವರು ತಮಗಷ್ಟೇ ಕೊಳ್ಳಲಿಲ್ಲ.

ಈಗ ಕನ್ನಡಕ್ಕೆ ಬರೋಣ. ಕೂಡಿ ಕೊಳ್ಳುವುದು ನಮಗೆ ಹೊಸದೇನಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಸೆಸ್ ಕಟ್ಟುತ್ತೇವೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದ ಕನ್ನಡ ಪುಸ್ತಕದ ನೂರಾರು ಪ್ರತಿ ಒಂದೇ ಸಲಕ್ಕೆ ಹೋಗುತ್ತದೆ. ಎಷ್ಟೋ ಸಣ್ಣ ಪ್ರಕಾಶಕರು ಉಸಿರಾಡುವುದೇ ಅದರಿಂದ. ಅಚ್ಚಿನಲ್ಲಿ ಇಷ್ಟು ದೊಡ್ಡ ವ್ಯವಸ್ಥೆ ಇಟ್ಟುಕೊಂಡ ನಾಡು ಕಾಲೇಜುಗಳಿಗಾಗಿ ಕನ್ನಡ ಇ-ಪುಸ್ತಕಗಳ ಒಕ್ಕೂಟವನ್ನು ಕಟ್ಟಿಲ್ಲ. ರಾಷ್ಟ್ರೀಯ ಒಕ್ಕೂಟಗಳ ಚೌಕಾಸಿ ನಡೆಯುವುದು ಮುಖ್ಯವಾಗಿ ಇಂಗ್ಲಿಷಿನ ದೊಡ್ಡ ಪ್ರಕಾಶಕರೊಡನೆ. ನಮ್ಮ ಸಣ್ಣ ಪ್ರಕಾಶಕರಿಗೆ ಆ ಮೇಜಿನ ಬಳಿ ಕುರ್ಚಿ ಇಲ್ಲ.

ಕನ್ನಡದಲ್ಲಿ ಆದ ಕೆಲಸ ಹೆಚ್ಚಾಗಿ ಸ್ಕ್ಯಾನಿಂಗ್‌ನದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುನ್ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಸೇರಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ‘ಭಾರತವಾಣಿ’ ಜಾಲತಾಣ ತೆರೆಯಿತು. 2020ರಲ್ಲಿ ಬಂದ ಮೈಲ್ಯಾಂಗ್‌ನಂಥ ಆ್ಯಪ್‌ಗಳು ಹೊಸ ಪುಸ್ತಕವನ್ನು ಒಬ್ಬೊಬ್ಬ ಓದುಗನಿಗೆ ಮಾರುತ್ತವೆ. ಹಳೆಯದರ ಸ್ಕ್ಯಾನಿಂಗ್, ಹೊಸದರ ಮಾರಾಟ ಈ ಎರಡರ ನಡುವೆ, ಹಕ್ಕುಸ್ವಾಮ್ಯದಲ್ಲೇ ಇದ್ದು ಅಂಗಡಿಯಲ್ಲಿ ಸಿಗದ ವಿಮರ್ಶೆ, ಇತಿಹಾಸ, ಜಾನಪದ, ವಿಜ್ಞಾನ ಪುಸ್ತಕಗಳು ನೆಲೆಯಿಲ್ಲದೆ ನಿಂತಿವೆ. ಎಂ.ಎ. ಓದುವವರಿಗೆ, ಸಂಶೋಧಕರಿಗೆ ಬೇಕಾದವು ಅವೇ.

ಮೇಚೇರಿ ಕಡೆಯ ಕನ್ನಡ ಮನೆಮಾತಿನವರಿಗೆ ಈ ಕೊರತೆ ಇನ್ನಷ್ಟು ಗಟ್ಟಿಯಾಗಿ ತಟ್ಟುತ್ತದೆ. ಅಲ್ಲಿನ ವಿದ್ಯಾರ್ಥಿಗೆ ತಮಿಳು ಪುಸ್ತಕ ಬೇಕೆಂದರೆ ತಮಿಳುನಾಡು ಸರ್ಕಾರ 2001ರಲ್ಲಿ ಆರಂಭಿಸಿದ ತಮಿಳು ವರ್ಚುವಲ್ ಅಕಾಡೆಮಿಯ ಡಿಜಿಟಲ್ ಗ್ರಂಥಾಲಯವಿದೆ, ಎಲ್ಲಿಂದಲಾದರೂ ತೆರೆಯಬಹುದು. ಕರ್ನಾಟಕದ ವಿಟಿಯು, ಹೆಲಿನೆಟ್‌ಗಳ ಪರವಾನಗಿಯಾದರೋ ತಮ್ಮ ಕಾಲೇಜುಗಳ ಗೇಟಿನಲ್ಲೇ ನಿಲ್ಲುತ್ತದೆ. ಇಂಗ್ಲಿಷ್ ಪ್ರಕಾಶಕರ ಕರಾರಿನಲ್ಲಿ ಅದು ಸಹಜ. ಕನ್ನಡ ಪುಸ್ತಕಕ್ಕೂ ಅದೇ ಗೇಟು ಹಾಕಬೇಕಾಗಿಲ್ಲ.

ಕನ್ನಡ ಇ-ಪುಸ್ತಕಗಳ ಒಕ್ಕೂಟದ ಆರಂಭಕ್ಕೆ ಸುಲಭದ ಜಾಗ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು. ಮೈಸೂರು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳು ತಮ್ಮ ಪ್ರಸಾರಾಂಗಗಳ ಪುಸ್ತಕಗಳನ್ನು ಸಾರ್ವಜನಿಕ ಹಣದಲ್ಲೇ ಪ್ರಕಟಿಸಿವೆ. ಲೇಖಕರಿಗೆ ಅಥವಾ ಅವರ ವಾರಸುದಾರರಿಗೆ ಒಂದು ಗೌರವದ ಮೊತ್ತ ಕೊಟ್ಟು, ಖರ್ಚನ್ನು ರಾಜ್ಯದ ಎಲ್ಲ ವಿಶ್ವವಿದ್ಯಾಲಯ ಗ್ರಂಥಾಲಯಗಳೂ ಹಂಚಿಕೊಂಡು, ಪಿಡಿಎಫ್ ಮತ್ತು ಇ-ಪಬ್ ಎರಡರಲ್ಲೂ ಅವನ್ನು ತೆರೆದಿಡಬಹುದು. ಖಾಸಗಿ ಪ್ರಕಾಶಕರ ಹೊಸ ಪುಸ್ತಕಗಳಿಗೆ ಸಗಟು ಖರೀದಿಯ ಮಾದರಿಯಲ್ಲೇ ಒಂದು ಸಲದ ಬೆಲೆ ನಿಗದಿ ಮಾಡಲಿ. ಕರಾರಿನಲ್ಲಿ ಮೂರು ಮಾತು ಸ್ಪಷ್ಟವಾಗಿ ಬರೆದಿರಬೇಕು: ಕೊಂಡ ಕಡತ ಗ್ರಂಥಾಲಯದ ಸರ್ವರಿನಲ್ಲೇ ಉಳಿಯುತ್ತದೆ, ಏಕಕಾಲದ ಓದುಗರ ಸಂಖ್ಯೆಗೆ ಮಿತಿ ಇಲ್ಲ, ಕಾಸರಗೋಡು, ಸೊಲ್ಲಾಪುರ, ಸೇಲಂ, ಧರ್ಮಪುರಿಯ ಕಾಲೇಜುಗಳು ಶುಲ್ಕವಿಲ್ಲದೆ ಸದಸ್ಯರಾಗಬಹುದು.