ಆಟೋ ಅಂದ್ರೆ ಮೂರು ಚಕ್ರದ ಸ್ಕೂಟರ್: ಹೊಸ ಗಾಡಿಯ ತೊಂದರೆಗೆ ದುಡ್ಡು ಕೊಟ್ಟವರು ಯಾರು?

ಭಾಗ 1: ಹ್ಯಾಂಡಲ್ ನೋಡಿ

ನಾಳೆ ಕಾಲೇಜಿಗೆ ಆಟೋ ಹತ್ತಿದಾಗ ಒಂದ್ಸಲ ಡ್ರೈವರ್ ಕೈ ಕಡೆ ನೋಡಿ. ಸ್ಟೀರಿಂಗ್ ಇಲ್ಲ, ಹ್ಯಾಂಡಲ್ ಇದೆ. ಎಡಗೈಯಲ್ಲಿ ಕ್ಲಚ್ ಹಿಡಿದು, ಅದೇ ಹಿಡಿಯನ್ನ ತಿರುಗಿಸಿದ್ರೆ ಗೇರ್ ಬೀಳುತ್ತೆ. ಬಲಗೈಯಲ್ಲಿ ಆಕ್ಸಿಲರೇಟರ್. ಬಲಗಾಲಿನ ಹತ್ರ ಬ್ರೇಕ್. ಇದೆಲ್ಲಾ ನಮ್ಮ ತಾತಂದಿರು ಓಡಿಸ್ತಿದ್ದ ಹಳೇ ಬಜಾಜ್ ಸ್ಕೂಟರಿನಲ್ಲಿ ಇದ್ದದ್ದೇ. ಆಟೋನ ನಾವು ಚಿಕ್ಕ ಕಾರು ಅಂದ್ಕೊಂಡಿದ್ದೀವಿ. ನಿಜವಾಗಿ ಅದು ಹಿಂದೆ ಇನ್ನೊಂದು ಚಕ್ರ ಸೇರಿಸಿ, ಮೇಲೆ ಟಾಪ್ ಹಾಕಿದ ಸ್ಕೂಟರ್.

ಹಾಗಾಗಿ ಸ್ಕೂಟರಿನ ಒಳ್ಳೇ ಗುಣಗಳೂ ಅದಕ್ಕೆ ಬಂದವು, ತೊಂದರೆಗಳೂ ಬಂದವು. ಮೂರನೇ ಚಕ್ರ ಸೇರಿಸಿದ್ದಕ್ಕೆ ಇನ್ನೊಂದಿಷ್ಟು ಹೊಸ ತೊಂದರೆ ಹುಟ್ಟಿದವು. ಈ ಸಲದ ಸರಣಿ ಆ ತೊಂದರೆಗಳ ಇತಿಹಾಸ. ಬಿಕಾಂ ಓದೋನು ನಾನು, ಹಾಗಾಗಿ ಕೊನೆಗೆ ಲೆಕ್ಕಕ್ಕೇ ಬರ್ತೀನಿ: ಹೊಸ ಗಾಡಿಯಲ್ಲಿ ದೋಷ ಇದ್ರೆ ಅದರ ಖರ್ಚು ಯಾರ ಜೇಬಿಂದ ಹೋಗುತ್ತೆ?

ಭಾಗ 2: ಕಣಜ ಮತ್ತು ಜೇನುನೊಣ

ಎರಡನೇ ಮಹಾಯುದ್ಧ ಮುಗಿದಾಗ ಇಟಲಿ ಹಾಳಾಗಿ ಹೋಗಿತ್ತು. ವಿಮಾನ ಮಾಡ್ತಿದ್ದ ಪಿಯಾಜಿಯೊ ಕಂಪನಿಗೆ ವಿಮಾನದ ಕೆಲಸ ಇಲ್ಲ. ಅಲ್ಲಿನ ಎಂಜಿನಿಯರ್ ಕೊರಾದಿನೊ ದಸ್ಕಾನಿಯೊ 1946ರಲ್ಲಿ ವೆಸ್ಪಾ ಸ್ಕೂಟರ್ ಕೊಟ್ಟರು. ವೆಸ್ಪಾ ಅಂದ್ರೆ ಕಣಜ. ಸಾಮಾನು ಸಾಗಿಸೋಕೆ ಲಾರಿ ಕೊಳ್ಳೋ ಶಕ್ತಿ ಸಣ್ಣ ವ್ಯಾಪಾರಿಗಳಿಗೆ ಇರಲಿಲ್ಲ. 1948ರಲ್ಲಿ ಅದೇ ವೆಸ್ಪಾದ ಮುಂಭಾಗ ಇಟ್ಕೊಂಡು, ಹಿಂದೆ ಎರಡು ಚಕ್ರ ಮತ್ತು ಒಂದು ತೊಟ್ಟಿ ಜೋಡಿಸಿ ಇನ್ನೊಂದು ಗಾಡಿ ಬಂತು. ಹೆಸರು ಆಪೆ, ಅಂದ್ರೆ ಜೇನುನೊಣ. ನಮ್ಮ ಹಳ್ಳಿ ರಸ್ತೆಗಳಲ್ಲಿ ಜನ ತುಂಬಿಕೊಂಡು ಓಡಾಡೋ 'ಆಪೆ' ಗಾಡಿಗೆ ಆ ಹೆಸರು ಬಂದಿದ್ದು ಅಲ್ಲಿಂದಲೇ.

ಮೊದಲ ಆಪೆಯಲ್ಲಿ ಡ್ರೈವರ್‌ಗೆ ಸೂರೇ ಇರಲಿಲ್ಲ. ಮಳೆ ಬಿಸಿಲು ಎಲ್ಲಾ ಮೈಮೇಲೆ. ಎಂಜಿನ್ 125 ಸಿಸಿ. ಹೊರೋದು ಜಾಸ್ತಿ, ಶಕ್ತಿ ಕಮ್ಮಿ. ಆದ್ರೂ ಜನ ಕೊಂಡರು, ಯಾಕಂದ್ರೆ ಅಷ್ಟು ಕಮ್ಮಿ ದುಡ್ಡಿಗೆ ಬೇರೆ ದಾರಿ ಇರಲಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3: ಟಾಂಗಾ ಪಕ್ಕದಲ್ಲಿ ಆಟೋ

ಅದೇ 1948ರಲ್ಲಿ ಬಛರಾಜ್ ಟ್ರೇಡಿಂಗ್ ಕಾರ್ಪೊರೇಷನ್ ಹೊರದೇಶದಿಂದ ಎರಡು ಚಕ್ರ, ಮೂರು ಚಕ್ರದ ಗಾಡಿ ತರಿಸಿ ಭಾರತದಲ್ಲಿ ಮಾರೋಕೆ ಶುರು ಮಾಡ್ತು. 1959ರಲ್ಲಿ ಇಲ್ಲೇ ತಯಾರಿಸೋಕೆ ಸರ್ಕಾರದಿಂದ ಲೈಸೆನ್ಸ್ ಸಿಕ್ತು. ಆ ಕಂಪನಿಯೇ ಇವತ್ತಿನ ಬಜಾಜ್ ಆಟೋ. ತಂತ್ರಜ್ಞಾನ ಪಿಯಾಜಿಯೊದ್ದು.

ಮೈಸೂರಿನ ಟಾಂಗಾ ಇನ್ನೂ ಅರಮನೆ ಸುತ್ತಮುತ್ತ ನಿಂತಿರುತ್ತೆ, ನೋಡಿರ್ತೀರ. ಟಾಂಗಾಕ್ಕೆ ಎರಡೇ ಚಕ್ರ, ಆದ್ರೆ ಕುದುರೆಯ ನಾಲ್ಕು ಕಾಲು ಸೇರಿದ್ರೆ ನೆಲಕ್ಕೆ ಆರು ಕಡೆ ಆಧಾರ. ಕುದುರೆ ಗುಂಡಿ ಕಂಡ್ರೆ ತಾನೇ ಪಕ್ಕಕ್ಕೆ ಸರಿಯುತ್ತೆ. ಆಟೋಗೆ ಆಧಾರ ಮೂರೇ ಕಡೆ, ಗುಂಡಿ ನೋಡೋ ಕೆಲಸವೂ ಡ್ರೈವರದ್ದೇ. ಆದ್ರೆ ಆಟೋಗೆ ಹುಲ್ಲು ಬೇಡ, ಲಾಯ ಬೇಡ, ನಿಂತಾಗ ಖರ್ಚಿಲ್ಲ. ದೇವರಾಜ ಮಾರ್ಕೆಟ್ ಸುತ್ತಲಿನ ಇಕ್ಕಟ್ಟು ರಸ್ತೆಯಲ್ಲೂ ಥಟ್ ಅಂತ ತಿರುಗುತ್ತೆ. ಗೆದ್ದಿದ್ದು ಅದಕ್ಕೇ.

ಭಾಗ 4: ತ್ರಿಕೋನದ ತೊಂದರೆ

ಈಗ ಸ್ವಲ್ಪ ಪಿಯುಸಿ ಫಿಸಿಕ್ಸ್. ಓಡಿಹೋಗ್ಬೇಡಿ.

ಆಟೋದ ಮೂರು ಚಕ್ರ ನೆಲ ಮುಟ್ಟೋ ಜಾಗಗಳನ್ನ ಗೆರೆ ಎಳೆದು ಸೇರಿಸಿ, ತ್ರಿಕೋನ ಬರುತ್ತೆ. ಹಿಂದೆ ಅಗಲ, ಮುಂದೆ ಚೂಪು. ಗಾಡಿಯ ಭಾರ ಆ ತ್ರಿಕೋನದ ಒಳಗೆ ಇರೋವರೆಗೂ ಏನೂ ತೊಂದರೆ ಇಲ್ಲ. ತಿರುವಿನಲ್ಲಿ ಭಾರ ಹೊರಗಡೆಗೆ ವಾಲುತ್ತೆ. ಅದೇ ಹೊತ್ತಿಗೆ ಬ್ರೇಕ್ ಒತ್ತಿದ್ರೆ ಭಾರ ಮುಂದಕ್ಕೂ ಬರುತ್ತೆ. ಅಂದ್ರೆ ಕಾರಿನಲ್ಲಿ ಮುಂದಿನ ಚಕ್ರ ಇರೋ ಮೂಲೆಗೆ ಭಾರ ಬಂತು, ಆದ್ರೆ ಆಟೋದಲ್ಲಿ ಆ ಮೂಲೆಯಲ್ಲಿ ಚಕ್ರವೇ ಇಲ್ಲ. ಮಗುಚೋದು ಹೀಗೆ.

ಇದು ಆಟೋ ಒಂದರ ಕಥೆ ಅಲ್ಲ. ಅಮೆರಿಕದಲ್ಲಿ 1970ರಲ್ಲಿ ಹೋಂಡಾ ಮಣ್ಣು, ಮರಳಿನಲ್ಲಿ ಓಡಿಸೋಕೆ ದಪ್ಪ ಬಲೂನ್ ಟೈರಿನ ಮೂರು ಚಕ್ರದ ಬೈಕ್ ತಂದಿತು. ಬೇರೆ ಕಂಪನಿಗಳೂ ಹಿಂದೆಯೇ ಬಂದವು. ಗಾಡಿ ಮಗುಚಿ ತುಂಬಾ ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಕೊನೆಗೆ 1988ರಲ್ಲಿ ಅಲ್ಲಿನ ಸರ್ಕಾರದ ಜೊತೆ ಒಪ್ಪಂದ ಆಗಿ, ಹೊಸ ಮೂರು ಚಕ್ರದ ಗಾಡಿ ಮಾರೋದನ್ನೇ ಕಂಪನಿಗಳು ನಿಲ್ಲಿಸಿದವು. ಅಲ್ಲಿ ಆ ಗಾಡಿ ಹೆಚ್ಚಿನವರಿಗೆ ಮೋಜಿನ ಸಾಮಾನು, ನಿಲ್ಲಿಸಬಹುದಿತ್ತು. ಇಲ್ಲಿ ಆಟೋ ಹೊಟ್ಟೆಪಾಡು. ಅದನ್ನ ನಿಲ್ಲಿಸೋಕೆ ಆಗಲ್ಲ, ಹಾಗಾಗಿ ಡ್ರೈವರ್‌ಗಳೇ ಬದಲಾದರು. ತಿರುವಿಗೆ ಮೊದಲೇ ವೇಗ ಇಳಿಸು, ತಿರುವಿನ ಒಳಗೆ ಬ್ರೇಕ್ ಮುಟ್ಟಬೇಡ: ಇದನ್ನ ಯಾವ ಪುಸ್ತಕವೂ ಓದದೆ ಕಲಿತರು, ತಮ್ಮ ಹುಡುಗರಿಗೆ ಕಲಿಸಿದರು.

ನಮಗೆ ಸಂಬಂಧಪಟ್ಟ ವಿಷಯ ಇಲ್ಲಿದೆ. ಹಿಂದಿನ ಸೀಟಲ್ಲಿ ಕೂತವರ ಭಾರ ತ್ರಿಕೋನದ ಅಗಲವಾದ ಕಡೆಗೆ ಬೀಳುತ್ತೆ, ಅದು ಒಳ್ಳೇದು. ಡ್ರೈವರ್ ಪಕ್ಕ ಅರ್ಧ ಹೊರಗೆ ನೇತಾಡಿಕೊಂಡು ಕೂರ್ತೀವಲ್ಲ, ಆ ಭಾರ ಬೀಳೋದು ಚೂಪಾದ ಕಡೆಗೆ, ಅದೂ ಒಂದು ಪಕ್ಕಕ್ಕೆ. 'ಅಣ್ಣಾ, ಇನ್ನೊಬ್ಬನ್ನ ಅಡ್ಜಸ್ಟ್ ಮಾಡಿ' ಅನ್ನೋ ಮೊದಲು ಈ ತ್ರಿಕೋನ ನೆನಪು ಮಾಡ್ಕೊಳ್ಳಿ.

ಭಾಗ 5: ಗುಂಡಿ, ಹೊಗೆ, ಆಯಿಲ್

ಬೈಕ್ ಹೋಗೋದು ಒಂದು ಗೆರೆಯಲ್ಲಿ, ಗುಂಡಿ ತಪ್ಪಿಸೋದು ಸುಲಭ. ಕಾರಿಗೆ ಎರಡು ಗೆರೆ, ಗುಂಡಿಯನ್ನ ಮಧ್ಯಕ್ಕೆ ಬಿಟ್ಕೊಂಡು ಹೋಗಬಹುದು. ಆಟೋಗೆ ಮೂರು ಗೆರೆ. ಮಧ್ಯಕ್ಕೆ ಬಿಟ್ರೆ ಮುಂದಿನ ಚಕ್ರ ಇಳಿಯುತ್ತೆ, ಪಕ್ಕಕ್ಕೆ ಬಿಟ್ರೆ ಹಿಂದಿನದು. ಚಕ್ರವೂ ಚಿಕ್ಕದು, ರಿಮ್ಮು 8 ಇಂಚು, ಹಾಗಾಗಿ ಇಳಿದ್ರೆ ಪೂರ್ತಿ ಇಳಿಯುತ್ತೆ. ಮಳೆಗಾಲದಲ್ಲಿ ಡ್ರೈವರ್ ಸೊಂಟಕ್ಕೆ ಬೀಳೋ ಏಟು ಇದೇ.

ಇನ್ನು ಎಂಜಿನ್. ಮೊದಲಿನ ಆಟೋಗಳದ್ದು ಟೂ ಸ್ಟ್ರೋಕ್. ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕು, ಲೀಟರಿಗೆ ಸುಮಾರು 20 ಮಿಲಿ ಲೆಕ್ಕ. ಜಾಸ್ತಿ ಆದ್ರೆ ನೀಲಿ ಹೊಗೆ, ಪ್ಲಗ್‌ಗೆ ಮಸಿ ಕಟ್ಟಿ ಗಾಡಿ ದಾರಿಯಲ್ಲೇ ನಿಲ್ಲುತ್ತೆ. ಕಮ್ಮಿ ಆದ್ರೆ ಪಿಸ್ಟನ್ ಹಿಡ್ಕೊಂಡು ಎಂಜಿನ್ನೇ ಹೋಗುತ್ತೆ. ಅದೂ ಅಲ್ಲದೆ, ಉರಿಯೋಕೆ ಮೊದಲೇ ಒಂದಿಷ್ಟು ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊರಗೆ ಹೋಗೋದು ಈ ಎಂಜಿನ್ನಿನ ಹುಟ್ಟುಗುಣ. ಡ್ರೈವರ್ ದುಡ್ಡು ಕೊಟ್ಟ ಪೆಟ್ರೋಲ್ ಹಾಗೇ ಗಾಳಿಗೆ.

ಟೂ ಸ್ಟ್ರೋಕ್ ನಮ್ಮೂರಿಗೆ ಅಪರಿಚಿತ ಅಲ್ಲ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯನ್ನ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ್ದು. 1961ರಿಂದ 1996ರವರೆಗೆ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳೆಲ್ಲಾ ಟೂ ಸ್ಟ್ರೋಕೇ. ಆ ಬೈಕುಗಳಿಗೂ ಇದೇ ಹೊಗೆ, ಇದೇ ಮಸಿ. ಆದ್ರೆ ಯೆಜ್ಡಿ ಹೊಗೆ ಬಗ್ಗೆ ನಾವು ಪ್ರೀತಿಯಿಂದ ರೀಲ್ಸ್ ಮಾಡ್ತೀವಿ, ಆಟೋ ಹೊಗೆಗೆ ಮೂಗು ಮುಚ್ಕೊಂಡು ಬೈತೀವಿ. ಎಂಜಿನ್ ಜಾತಿ ಒಂದೇ, ಓಡಿಸೋರ ಅಂತಸ್ತು ಬೇರೆ.

ಭಾಗ 6: ಸರಿ ಮಾಡೋಕೆ ಅಷ್ಟು ವರ್ಷ ಯಾಕೆ?

ಹಳೇ ಆಟೋಗಳಲ್ಲಿ ಎಂಜಿನ್ ಇದ್ದದ್ದು ಡ್ರೈವರ್ ಸೀಟಿನ ಕೆಳಗೆ. ಬೇಸಿಗೆಯಲ್ಲಿ ದಿನಪೂರ್ತಿ ಬಿಸಿ ಎಂಜಿನ್ ಮೇಲೆ ಕೂರೋದನ್ನ ಊಹಿಸಿ. ಶಬ್ದ, ನಡುಕ ಎಲ್ಲಾ ನೇರ ಮೈಗೆ. ಬಜಾಜ್ ಎಂಜಿನ್ನನ್ನ ಹಿಂದಕ್ಕೆ ಹಾಕಿದ ಆಟೋ ತಂದಿದ್ದು 1977ರಲ್ಲಿ. ಇದರಿಂದ ಡ್ರೈವರ್‌ಗೆ ಬಿಸಿ ಕಮ್ಮಿ ಆಯ್ತು, ಭಾರ ತ್ರಿಕೋನದ ಅಗಲವಾದ ಕಡೆಗೂ ಹೋಯ್ತು. ಒಂದೇ ಬದಲಾವಣೆ, ಎರಡು ಲಾಭ.

ಹಾಗಾದ್ರೆ ಲೈಸೆನ್ಸ್ ಸಿಕ್ಕ 1959ರಿಂದ 1977ರವರೆಗೆ ಯಾಕೆ ಕಾದರು? ಉತ್ತರದ ಒಂದು ಭಾಗ ನಮ್ಮ ಸಿಲಬಸ್ಸಲ್ಲೇ ಇದೆ. ಅದು ಲೈಸೆನ್ಸ್ ರಾಜ್ ಕಾಲ. ಎಷ್ಟು ಗಾಡಿ ಮಾಡಬೇಕು ಅಂತ ಸರ್ಕಾರವೇ ಹೇಳ್ತಿತ್ತು. ಬಜಾಜ್ ಸ್ಕೂಟರ್ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯ್ತಿದ್ರು. ಸಾಲಿನಲ್ಲಿ ನಿಂತ ಗಿರಾಕಿ 'ಸೀಟಿನ ಕೆಳಗೆ ಬಿಸಿ ಆಗುತ್ತೆ' ಅಂತ ದೂರು ಹೇಳಿದ್ರೆ ಏನಾಗುತ್ತೆ? ಹಿಂದೆ ನಿಂತವನು 'ನಿಂಗೆ ಬೇಡ್ವಾ, ನಂಗೆ ಕೊಡು' ಅಂತಾನೆ. ಮಾರೋನಿಗೆ ಪೈಪೋಟಿ ಇಲ್ಲದಿದ್ರೆ ದೋಷ ಸರಿಪಡಿಸೋ ಅವಸರವೂ ಇರಲ್ಲ. ಇಟಲಿಯ ವ್ಯಾಪಾರಿಯ ಪರಿಸ್ಥಿತಿಯೂ ಇದೇ ಆಗಿತ್ತಲ್ವಾ? ಬೇರೆ ದಾರಿ ಇಲ್ಲದವರು ಗಾಡಿಯನ್ನ ದೋಷದ ಸಮೇತ ಕೊಳ್ತಾರೆ.

1980ರಲ್ಲಿ ಶಂಕರ್‌ನಾಗ್ 'ಆಟೋ ರಾಜ' ಆದರು. ಇವತ್ತಿಗೂ ಎಷ್ಟೊಂದು ಆಟೋಗಳ ಮೇಲೆ ಅವರ ಫೋಟೋ ಇದೆ. ಡ್ರೈವರ್‌ಗೆ ಮರ್ಯಾದೆ ಕೊಟ್ಟ ಸಿನಿಮಾ ಅಂತ ಆ ಪ್ರೀತಿ. ಮರ್ಯಾದೆ ಬಂತು, ಸೊಂಟನೋವು ಮಾತ್ರ ಹೋಗಲಿಲ್ಲ.

ಭಾಗ 7: ಈಗ ಮತ್ತೆ ಹೊಸ ಗಾಡಿ

2018ರಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಗಾಡಿಗಳಿಗೆ ಪರ್ಮಿಟ್ ವಿನಾಯಿತಿ ಕೊಟ್ಟಿತು. ಆಮೇಲೆ ಎಲೆಕ್ಟ್ರಿಕ್ ಆಟೋಗಳು ಕಣ್ಣಿಗೆ ಬೀಳೋದು ಜಾಸ್ತಿ ಆಯ್ತು. ನಮ್ಮ ಮಾವ, ಅಂದ್ರೆ ಅಮ್ಮನ ತಮ್ಮ, ಕುವೆಂಪುನಗರದ ಒಂದು ಸ್ಟ್ಯಾಂಡಲ್ಲಿ ಆಟೋ ಓಡಿಸ್ತಾರೆ. ಹೋದ ವರ್ಷ ಹಳೇ ಗಾಡಿ ಕೊಟ್ಟು ಸಾಲ ಮಾಡಿ ಎಲೆಕ್ಟ್ರಿಕ್ ತಗೊಂಡರು.

ಹಳೇ ತೊಂದರೆ ಎಷ್ಟೋ ಹೋದವು. ಹೊಗೆ ಇಲ್ಲ, ಆಯಿಲ್ ಬೆರೆಸೋ ಹಾಗಿಲ್ಲ, ನಡುಕ ಇಲ್ಲ. ಬ್ಯಾಟರಿ ಭಾರ ಕೆಳಗಡೆ ಇರೋದ್ರಿಂದ ತಿರುವಿನಲ್ಲಿ ಗಾಡಿ ಗಟ್ಟಿಯಾಗಿ ಕೂತಿರುತ್ತೆ. ಆದ್ರೆ ಹೊಸ ತೊಂದರೆಗಳ ಪಟ್ಟಿ ಶುರುವಾಯ್ತು. ಚಾರ್ಜ್ ಕಾಲು ಭಾಗ ಇದೆ ಅಂತ ತೋರಿಸುತ್ತೆ, ಒಂದು ಏರು ಹತ್ತಿದ ಮೇಲೆ ಮುಳ್ಳು ದಿಢೀರ್ ಅಂತ ಕೆಳಗೆ. ಹಾಗಾಗಿ ಮಧ್ಯಾಹ್ನದ ಮೇಲೆ ಚಾಮುಂಡಿ ಬೆಟ್ಟದ ಬಾಡಿಗೆ ಬಂದ್ರೆ ಬೇಡ ಅಂತಾರೆ. ಒಳ್ಳೇ ಬಾಡಿಗೆ ಅದು. ಸದ್ದೇ ಇಲ್ಲದ ಗಾಡಿ ಹಿಂದೆ ಬಂದಿದ್ದು ಜನಕ್ಕೆ ಗೊತ್ತಾಗಲ್ಲ, ಪಂಚಮಂತ್ರ ರಸ್ತೆಯಲ್ಲಿ ಹೆಜ್ಜೆಹೆಜ್ಜೆಗೂ ಹಾರ್ನ್ ಒತ್ತಬೇಕು. ಒಂದು ಜೋರು ಮಳೆ ಆದ ಮೇಲೆ ಗಾಡಿ ಆನ್ ಆಗಲೇ ಇಲ್ಲ. ಬೀದಿ ಮೆಕ್ಯಾನಿಕ್ ಕೈ ಹಾಕೋ ಹಾಗಿಲ್ಲ, ಹಾಕಿದ್ರೆ ವಾರಂಟಿ ಹೋಗುತ್ತೆ. ಗಾಡಿ 11 ದಿನ ಸರ್ವಿಸ್ ಸೆಂಟರಿನಲ್ಲೇ ಇತ್ತು. ಪಾರ್ಟ್ ಫ್ರೀ. ಆದ್ರೆ 11 ದಿನದ ದುಡಿಮೆ?

ನಾನು ಮಾವನ ಡೈರಿ ಇಸ್ಕೊಂಡು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆ. ಪೆಟ್ರೋಲ್ ಉಳಿದಿದ್ದು ಒಂದು ಕಡೆ, ಕಂತು ಇನ್ನೊಂದು ಕಡೆ. ಓಡಿದ ದಿನಗಳಲ್ಲಿ ಖಂಡಿತ ಲಾಭ. ನಿಂತ ದಿನಗಳಲ್ಲಿ ಕಂತು ನಿಲ್ಲಲ್ಲ. ಡಿಪ್ರಿಸಿಯೇಷನ್‌ಗೆ ಒಂದು ಕಾಲಂ ಇದೆ, ಬಡ್ಡಿಗೆ ಒಂದಿದೆ. ಗಾಡಿಯ ಗುಣ ಕಲಿಯೋಕೆ ಕಳೆದ ದಿನಗಳಿಗೆ, ಬಿಟ್ಟುಕೊಟ್ಟ ಬೆಟ್ಟದ ಬಾಡಿಗೆಗೆ ಯಾವ ಕಾಲಂ ಹಾಕೋದು?

'ಮಾವ, ಹಳೇ ಗಾಡಿನೇ ವಾಸಿ ಇತ್ತಾ?' ಅಂದೆ.

'ಅಯ್ಯೋ ಇಲ್ಲ ಕಣೋ. ಇದರಲ್ಲಿ ಸಂಜೆ ಮನೆಗೆ ಬಂದಾಗ ಕಿವಿ ಗುಂಯ್ ಅನ್ನಲ್ಲ. ಆದ್ರೆ ಈ ಗಾಡಿ ಸರಿ ಹೋಗೋ ತನಕ ಅದನ್ನ ಸಾಕೋನು ನಾನು. ಅದನ್ನ ಯಾರೂ ಮೊದಲೇ ಹೇಳಲಿಲ್ಲ' ಅಂದರು.

ಭಾಗ 8: ಲೆಕ್ಕ ಎಲ್ಲಿ ನಿಲ್ಲುತ್ತೆ

1948ರಲ್ಲಿ ಇಟಲಿಯ ವ್ಯಾಪಾರಿ ಮಳೆಯಲ್ಲಿ ನೆನೆದ. 1960ರ ದಶಕದಲ್ಲಿ ನಮ್ಮ ಡ್ರೈವರ್ ಬಿಸಿ ಎಂಜಿನ್ ಮೇಲೆ ಕೂತ. ಈಗ ಮಾವ ಚಾರ್ಜ್ ಮುಳ್ಳು ನೋಡ್ಕೊಂಡು ಬಾಡಿಗೆ ಬಿಡ್ತಾರೆ. ಮೂರು ಕಾಲದಲ್ಲೂ ಮುಂದಿನ ಮಾಡೆಲ್ ಚೆನ್ನಾಗಿ ಬರೋಕೆ ಈ ಮಾಡೆಲ್ ಕೊಂಡವರ ಅನುಭವವೇ ಬಂಡವಾಳ. ಆದ್ರೆ ಆ ಬಂಡವಾಳ ಹಾಕಿದವರಿಗೆ ಷೇರು ಸಿಗಲ್ಲ.

ಹೊಸ ಗಾಡಿ ಬೇಡ ಅಂತ ನಾನು ಹೇಳ್ತಿಲ್ಲ. ಹೊಗೆ ಇಲ್ಲದ ಆಟೋ ಬೇಕು, ಮಾವನಿಗೂ ಬೇಕು. ಆದ್ರೆ ವಾರಂಟಿ ಅಂದ್ರೆ ಬರೀ ಪಾರ್ಟ್ ಅಲ್ಲ, ಗಾಡಿ ನಿಂತ ದಿನಕ್ಕೆ ಬದಲಿ ಗಾಡಿ ಅಥವಾ ಅಷ್ಟು ದಿನದ ಕಂತಿಗೆ ಬಿಡುವು ಕೊಟ್ರೆ ದೋಷದ ಖರ್ಚು ಹಂಚಿಹೋಗುತ್ತೆ. ನಾಳೆ ನಮ್ಮಲ್ಲಿ ಎಷ್ಟೋ ಜನ ಬ್ಯಾಂಕು, ಫೈನಾನ್ಸ್ ಕಂಪನಿಗಳಲ್ಲಿ ಇದೇ ವಾಹನ ಸಾಲದ ಫೈಲ್ ನೋಡ್ತೀವಿ. ಆಗ ಈ ಕಾಲಂ ನೆನಪಿರಲಿ.

ಅಲ್ಲಿಯವರೆಗೆ ಕೈಲಾಗೋದು ಮಾಡೋಣ. ಮೂರೇ ಜನ ಹತ್ತೋಣ. ತಿರುವಿನಲ್ಲಿ 'ಬೇಗ ಅಣ್ಣಾ' ಅನ್ನೋದು ಬೇಡ. ಚಾರ್ಜ್ ಸಾಲಲ್ಲ ಅಂತ ಒಬ್ಬರು ಬೆಟ್ಟಕ್ಕೆ ಬರಲ್ಲ ಅಂದ್ರೆ, ಅದು ಜಂಬ ಅಲ್ಲ ಅಂತ ಅರ್ಥ ಮಾಡ್ಕೊಳ್ಳೋಣ.

ನಿಮ್ಮ ಮನೆಯಲ್ಲಿ ಸೀಟಿನ ಕೆಳಗೆ ಎಂಜಿನ್ ಇದ್ದ ಆಟೋ ಓಡಿಸಿದವರು ಇದ್ದಾರಾ? ಅವರನ್ನ ಕೇಳಿ, ಆ ಗಾಡಿಯ ಯಾವ ತೊಂದರೆಗೆ ಏನು ಉಪಾಯ ಮಾಡ್ತಿದ್ರು ಅಂತ ಕಾಮೆಂಟಲ್ಲಿ ಬರೀರಿ. ಮುಂದಿನ ಸರಣಿ ಅದರಿಂದಲೇ ಶುರು ಮಾಡ್ತೀನಿ.

#ಮೈಸೂರು #ಕುವೆಂಪುನಗರ #ಆಟೋಇತಿಹಾಸ #ಬಿಕಾಂಲೆಕ್ಕ